ಬದುಕಿದ್ದ ಮಾವನಿಗೊಂದು ಶೋಕಸಭೆ

"ನಮ್ಮಪ್ಪನೇ ಬೇಕಾಗಿತ್ತಾ ನಿಮಗೆ? ನಿಮ್ಮ ಕಡೆಯೋರಿಗೆ ಯಾರಿಗೂ ಸಾಯೋಕೆ ಪುರುಸೊತ್ತಿರ್ಲಿಲ್ವಾ?"

"ಮೆಲ್ಲಗೆ ಕಣೇ. ಗೋಡೆ ತೆಳ್ಳಗಿದೆ."

"ಗೋಡೆ ತೆಳ್ಳಗಿದ್ರೇನು, ನಿಮ್ಮ ಚರ್ಮ ದಪ್ಪಗಿದೆಯಲ್ಲ! ಹೇಳಿ, ನಿಮ್ಮ ದೊಡ್ಡಪ್ಪ ಇರ್ಲಿಲ್ವಾ? ಸೋದರತ್ತೆ ಇರ್ಲಿಲ್ವಾ? ಅಷ್ಟು ದೊಡ್ಡ ಸಂಸಾರದಲ್ಲಿ ಒಬ್ರೂ ಸಿಗ್ಲಿಲ್ವಾ?"

"ನಮ್ಮ ಕಡೆಯೋರೆಲ್ಲಾ ಮುಗಿದಿದ್ರು," ಎಂದರು ಮೇಷ್ಟ್ರು.

ಅವರು ಆ ದಿನ ಆಡಿದ ಒಂದೇ ಒಂದು ನಿಜ ಅದು. ಪರದೇಶಕ್ಕೆ ಗಣಿತ ಹೇಳಿಕೊಡಲು ಬರುವ ಮೊದಲು ಮೇಷ್ಟ್ರು ಹದಿನಾಲ್ಕು ವರ್ಷ ಊರಿನ ಶಾಲೆಯಲ್ಲಿ ಕೆಲಸ ಮಾಡಿದ್ದರು. ಅಲ್ಲಿ ರಜೆ ಬೇಕೆಂದರೆ ಯಾರಾದರೂ ಸಾಯಲೇಬೇಕು. ಜ್ವರ ಬಂತು ಎಂದರೆ ಡಾಕ್ಟರ ಚೀಟಿ ಕೇಳುತ್ತಿದ್ದರು, ಮದುವೆ ಎಂದರೆ ಮುಖ ಸಿಂಡರಿಸುತ್ತಿದ್ದರು, ಸಾವು ಎಂದರೆ ಮಾತ್ರ ಯಾರೂ ಎದುರಾಡುತ್ತಿರಲಿಲ್ಲ. ಹೀಗಾಗಿ ಮೇಷ್ಟ್ರ ಅಜ್ಜಿ ಮೂರು ಸಲ ತೀರಿಕೊಂಡರು. ದೊಡ್ಡಪ್ಪ ಪರೀಕ್ಷೆಯ ಪೇಪರು ತಿದ್ದುವ ದಿನಗಳಲ್ಲೇ ಹೋಗುತ್ತಿದ್ದರು. "ಮೇಷ್ಟ್ರೇ, ಹೋದ ವರ್ಷಾನೂ ನಿಮ್ಮಜ್ಜಿಗೆ ಹೀಗೇ ಆಗಿತ್ತು. ಈ ಸಲ ಬೇರೆ ಯಾರನ್ನಾದ್ರೂ ಬರೀರಿ, ಮೇಲಿನೋರು ನೋಡ್ತಾರೆ," ಎಂದು ಅಲ್ಲಿನ ಹೆಡ್‌ಮಾಸ್ತರರು ಸಲಹೆ ಕೊಡುತ್ತಿದ್ದರೇ ಹೊರತು ಬೈಯುತ್ತಿರಲಿಲ್ಲ. ಹೇಗೆ ಬೈದಾರು? ಅವರ ಸ್ವಂತ ಅತ್ತೆಯೇ ವರ್ಷಕ್ಕೊಮ್ಮೆ ತೀರಿಕೊಂಡು, ಮರುದಿನ ಅಳಿಯನ ಊಟದ ಡಬ್ಬಿ ಹಿಡಿದುಕೊಂಡು ಶಾಲೆಯ ಗೇಟಿನಲ್ಲಿ ನಿಂತಿರುತ್ತಿದ್ದರು.

ಯಾರಿಗೂ ನೋವಿಲ್ಲ, ಯಾರಿಗೂ ನಷ್ಟವಿಲ್ಲ. ಆ ಸುಖದ ಅಭ್ಯಾಸವನ್ನೇ ಮೇಷ್ಟ್ರು ಬಟ್ಟೆಬರೆಯ ಜೊತೆ ಕಟ್ಟಿಕೊಂಡು ಇಲ್ಲಿಗೂ ತಂದಿದ್ದರು.

ಆದದ್ದು ಇಷ್ಟು. ಚಳಿಗಾಲದ ರಜೆಗೆ ಮೊದಲಿನ ಕೊನೆಯ ಪರೀಕ್ಷೆ ಅಂದು ಬೆಳಿಗ್ಗೆ ಇತ್ತು. ರಾತ್ರಿಯೆಲ್ಲ ಹಿಮ ಬಿದ್ದು ಊರಿಗೆ ಊರೇ ಮೆತ್ತಗಾಗಿತ್ತು. ಅಲಾರಾಂ ಹೊಡೆಯಿತು, ಮೇಷ್ಟ್ರು ಕೈಯನ್ನಷ್ಟೇ ರಗ್ಗಿನಿಂದ ಹೊರಗೆ ಚಾಚಿ ಅದರ ತಲೆಯ ಮೇಲೆ ಹೊಡೆದರು, ಕೈ ತಣ್ಣಗಾಯಿತೆಂದು ಒಳಗೆಳೆದುಕೊಂಡರು, ಮತ್ತೆ ಮಲಗಿದರು. ಪ್ರಶ್ನೆಪತ್ರಿಕೆ ಇಟ್ಟ ಬೀರುವಿನ ಬೀಗದಕೈ ಅವರ ಕೋಟಿನ ಜೇಬಿನಲ್ಲಿತ್ತು. ಅತ್ತ ಶಾಲೆಯ ಮೊಗಸಾಲೆಯಲ್ಲಿ ಮಕ್ಕಳು ಪೆನ್ನು ಹಿಡಿದು ನಡುಗುತ್ತಾ ನಿಂತಿದ್ದವು. ಫೋನು ಹೊಡೆದುಕೊಂಡಿತು. ಹೆಡ್‌ಮಿಸ್ಟ್ರೆಸ್ಸು.

"ಎಲ್ಲಿದ್ದೀರಿ ನೀವು?"

ಗಣಿತ ವಿಭಾಗಕ್ಕೆ ಮುಖ್ಯಸ್ಥರನ್ನು ರಜೆ ಮುಗಿದ ಕೂಡಲೇ ಆರಿಸುವುದಿತ್ತು. ಆ ಕುರ್ಚಿಯ ಮೇಲೆ ಕಣ್ಣಿಟ್ಟವನು ಹಾಸಿಗೆಯಲ್ಲಿದ್ದೇನೆ ಎನ್ನುವುದು ಹೇಗೆ? ನಿದ್ದೆಗಣ್ಣಿನಲ್ಲಿ ತಲೆ ಇನ್ನೂ ಎದ್ದಿರಲಿಲ್ಲ, ಬಾಯಿ ಮಾತ್ರ ಎದ್ದಿತ್ತು. ಅದು ತನಗೆ ಗೊತ್ತಿದ್ದ ಕೆಲಸ ಮಾಡಿತು.

"ನಮ್ಮ ಮಾವ ಹೋಗ್ಬಿಟ್ರು ಮೇಡಂ. ಹೆಂಡತಿಯ ತಂದೆ."

"ಸರಿ, ನಾಳೆ ಬನ್ನಿ" ಎಂಬ ಒಣ ಉತ್ತರಕ್ಕೆ ಕಾಯುತ್ತಿದ್ದ ಮೇಷ್ಟ್ರ ಕಿವಿಗೆ ಮೂಗು ಸೇದಿದ ಸದ್ದು ಕೇಳಿಸಿತು. "ನೀವು ಬರಬೇಡಿ. ಅವರ ಹತ್ತಿರ ಇರಿ. ಬೀಗದಕೈಗೆ ಜವಾನನನ್ನ ಕಳಿಸ್ತೀನಿ," ಎಂದರು ಹೆಡ್‌ಮಿಸ್ಟ್ರೆಸ್ಸು. ಮೇಷ್ಟ್ರು ಫೋನಿಟ್ಟು ರಗ್ಗು ಎಳೆದುಕೊಂಡರು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡರು.

ಜವಾನ ಬಂದ. ಬಾಗಿಲು ತೆರೆದವಳು ಹೆಂಡತಿ. ಅವನು ಟೋಪಿ ತೆಗೆದು ಎದೆಗೊತ್ತಿಕೊಂಡು, "ನಿಮ್ಮ ತಂದೆಯವರ ವಿಷಯ ಕೇಳಿ ಬಹಳ ದುಃಖವಾಯ್ತಮ್ಮ," ಎಂದ. ಅವಳಿಗೆ ಈ ದೇಶದ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು. ಬಾಗಿಲ ಹತ್ತಿರ, ಶೂಗಳ ನಡುವೆ, ಒದ್ದೆ ನೆಲದ ಮೇಲೆ ಕುಸಿದು ಕೂತಳು. ಹೇಗೋ ಫೋನು ಹಚ್ಚಿದಳು. ಅತ್ತ ಗಂಟೆ ಬಾರಿಸುತ್ತಲೇ ಇತ್ತು, ಬಾರಿಸುತ್ತಲೇ ಇತ್ತು.

"ಏನಮ್ಮಾ ಪುಟ್ಟೀ, ಪಂಕ್ಚರ್ ಹಾಕ್ತಾ ಇದ್ದೀನಿ, ಕೈಯೆಲ್ಲಾ ಸಲ್ಯೂಷನ್ನು. ಆಮೇಲೆ ಮಾಡ್ಲಾ?" ಎಂದಿತು ಸತ್ತ ಅಪ್ಪನ ದನಿ.

ಆಮೇಲೆ ಶುರುವಾದದ್ದೇ ಈ ಜಗಳ.

"ಬದುಕಿರೋ ಅಪ್ಪನ್ನ ನೋಡೋಕೆ ಮೂರು ಚಳಿಗಾಲದಿಂದ ಬೇಡ್ಕೊಳ್ತಿದ್ದೀನಿ. ಆವಾಗೆಲ್ಲ ರಜೆ ಇಲ್ಲ, ಹಾಸ್ಟೆಲ್ ಡ್ಯೂಟಿ, ಹೆಡ್‌ಮಿಸ್ಟ್ರೆಸ್ಸು ಬಿಡಲ್ಲ. ಸತ್ತ ಅಪ್ಪನಿಗೆ ಮಾತ್ರ ಮಲಗಿದ ಜಾಗದಲ್ಲೇ ರಜೆ ಸಿಕ್ತು, ಅಲ್ವಾ?"

"ಈ ಸಲ ಹೋಗೋಣ ಅಂದಿದ್ದೀನಲ್ಲೇ."

"ಹೋದ ಸಲಾನೂ ಅಂದಿದ್ರಿ. ನಮ್ಮಪ್ಪನ ಕಣ್ಣು ಮಂಜಾಗಿದೆ, ಕೈಯಲ್ಲಿ ಮುಟ್ಟಿ ಮುಟ್ಟಿ ಟ್ಯೂಬಿನ ತೂತು ಹುಡುಕ್ತಾನೆ. ನನ್ನ ಮುಖಾನೂ ಹಾಗೇ ಮುಟ್ಟಿ ನೋಡೋ ಗತಿ ಬರ್ಬೇಕಾ ಅವನಿಗೆ?"

ಇದಕ್ಕೆ ಮೇಷ್ಟ್ರು ಏನೋ ಹೇಳುವವರಿದ್ದರು. ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಹೊಸ್ತಿಲ ಮೇಲೆ, ತಲೆಯಿಂದ ಕಾಲಿನವರೆಗೆ ಕರಿಬಟ್ಟೆ ತೊಟ್ಟು, ಕೈತುಂಬಾ ಬಿಳಿ ಹೂವು ಹಿಡಿದು ಸ್ವತಃ ಹೆಡ್‌ಮಿಸ್ಟ್ರೆಸ್ಸು ನಿಂತಿದ್ದರು.

ಸಿಟ್ಟಿನಿಂದ ಕೆಂಪಾದ ಕಣ್ಣು, ಕೆದರಿದ ಕೂದಲು, ಅದುರುವ ತುಟಿ. ಇದಕ್ಕಿಂತ ಒಳ್ಳೆಯ ಶೋಕ ಯಾವ ಮನೆಯಲ್ಲೂ ಸಿಕ್ಕುತ್ತಿರಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಹೂವನ್ನು ಮೇಷ್ಟ್ರ ಕೈಗೆ ತುರುಕಿ ಅವಳನ್ನು ತಬ್ಬಿಕೊಂಡರು.

"ಮೇಡಂ, ಒಂದು ಮಾತು ಹೇಳ್ಬೇಕು," ಎಂದಳು ಹೆಂಡತಿ.

"ಏನೂ ಹೇಳಬೇಡಿ. ತಪ್ಪು ನನ್ನದೂ ಇದೆ," ಎಂದರು ಹೆಡ್‌ಮಿಸ್ಟ್ರೆಸ್ಸು. "ನಾನು ಪ್ರತಿ ವರ್ಷ ಇವರಿಗೆ ಹೇಳ್ತಾ ಬಂದೆ. ಈ ರಜೆ ನಿಮ್ಮದು, ಹೆಂಡತೀನ ಊರಿಗೆ ಕರ್ಕೊಂಡು ಹೋಗಿ ಅಂತ. ಇವರೇ ಬೇಡ ಅಂದ್ರು. ನನ್ನ ಹೆಂಡತಿಗೆ ಊರು ಅಂದ್ರೆ ಅಷ್ಟಕ್ಕಷ್ಟೆ, ತವರಿನ ಕಡೆ ಮನಸ್ಸೇ ಇಲ್ಲ, ಹಾಸ್ಟೆಲ್ ಡ್ಯೂಟಿ ನನಗೇ ಕೊಡಿ ಅಂತ ಕೇಳಿ ತಗೊಂಡ್ರು. ನಾನು ಬಲವಂತ ಮಾಡಿ ಕಳಿಸಬೇಕಾಗಿತ್ತಮ್ಮ."

ಮೇಷ್ಟ್ರು ಹೂವಿನ ಎಸಳುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದರು. ಹೆಂಡತಿ ತಲೆಯೆತ್ತಿ ಅವರನ್ನು ಒಂದು ಸಲ ನೋಡಿದಳು. ಹೇಳಬೇಕೆಂದಿದ್ದ ಮಾತನ್ನು ಹೇಳಲಿಲ್ಲ. ಕುರ್ಚಿಯ ಮೇಲೆ ಕೂತಳು.

"ನಿಮ್ಮ ತಂದೆ ಹೇಗಿದ್ರು? ಹೇಳಿ ನನಗೆ," ಎಂದರು ಹೆಡ್‌ಮಿಸ್ಟ್ರೆಸ್ಸು, ಅವಳ ಕೈಹಿಡಿದು.

ಮದುವೆಯಾಗಿ ಇಷ್ಟು ವರ್ಷವಾಯಿತು, ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಸೈಕಲ್ ಅಂಗಡಿ ಇಟ್ಟಿದ್ದಾನೆ, ಎಂದಳು. ಇಟ್ಟಿದ್ದ, ಎಂದು ತಿದ್ದಿಕೊಂಡಳು. ಬೀದಿಯಲ್ಲಿ ಬೆಲ್ಲಿನ ಸದ್ದು ಕೇಳಿಯೇ ಅದು ಯಾರ ಸೈಕಲ್ಲು, ಅದರ ಯಾವ ಚಕ್ರ ಸೊಟ್ಟಗಿದೆ ಎಂದು ಹೇಳುತ್ತಿದ್ದ. ಗುಜರಿಗೆ ಬಂದ ಏಳೆಂಟು ಸೈಕಲ್ಲುಗಳ ಕೈಕಾಲು ಜೋಡಿಸಿ ನನಗೊಂದು ಸೈಕಲ್ ಮಾಡಿಕೊಟ್ಟಿದ್ದ. ಮುಂದಿನ ಚಕ್ರ ಕೆಂಪು, ಹಿಂದಿನದು ಹಸಿರು, ಸೀಟು ಯಾವುದೋ ಗಂಡಸಿನದು. ಹುಡುಗಿಯರು ನಕ್ಕಾಗ ನಾನು ಅದನ್ನ ಹಿತ್ತಲಲ್ಲಿ ಎಸೆದೆ. ಅಪ್ಪ ಅದನ್ನ ಎತ್ತಿಕೊಂಡು ಬಂದ. ರಾತ್ರಿ ಕೂತು ಪೂರ್ತಿ ಸೈಕಲ್ಲಿಗೆ ನೀಲಿ ಬಣ್ಣ ಹೊಡೆದ. ಮಡ್‌ಗಾರ್ಡಿಗೂ ಹೊಡೆದ, ಚೈನಿಗೂ ಹೊಡೆದ. ಚೈನು ಅಂಟಿಕೊಂಡು ಸೈಕಲ್ ಮುಂದಕ್ಕೇ ಹೋಗಲಿಲ್ಲ...

ಇಷ್ಟು ಹೇಳಿ ನಗಲು ಹೋದವಳು ಬಿಕ್ಕಿಬಿಕ್ಕಿ ಅತ್ತಳು. ಹೆಡ್‌ಮಿಸ್ಟ್ರೆಸ್ಸೂ ಅತ್ತರು. ಮೇಷ್ಟ್ರು ಮೂಲೆಯಲ್ಲಿ ಹೂವು ಹಿಡಿದು ಮದುವೆ ಗಂಡಿನ ಹಾಗೆ ನಿಂತಿದ್ದರು.

ಹೊರಡುವಾಗ ಹೆಡ್‌ಮಿಸ್ಟ್ರೆಸ್ಸು, "ಶಾಲೆಯಲ್ಲಿ ಒಂದು ನಿಯಮ ಇದೆ. ಇಂಥ ಸಮಯದಲ್ಲಿ ಮಗಳನ್ನ ಊರಿಗೆ ನಾವೇ ಕಳಿಸ್ತೀವಿ. ಟಿಕೆಟ್ ವಿಷಯ ಗುಮಾಸ್ತರಿಗೆ ಹೇಳಿದ್ದೀನಿ," ಎಂದು ಹೇಳಿ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಮೇಷ್ಟ್ರು ಹೂವನ್ನು ಮೇಜಿನ ಮೇಲೆ ಹಾಕಿ ಚಪ್ಪಾಳೆ ತಟ್ಟಿದರು. "ಏನ್ ಆಕ್ಟಿಂಗ್ ಕಣೇ! ನಾನು ಹೆದರಿಬಿಟ್ಟಿದ್ದೆ, ಎಲ್ಲಾ ಬಾಯಿಬಿಡ್ತೀಯೇನೋ ಅಂತ. ಆ ಬಿಕ್ಕಳಿಕೆ ಇತ್ತಲ್ಲ, ಅದಂತೂ... ನನಗೇ ಕಣ್ಣಲ್ಲಿ ನೀರು ಬಂತು ನೋಡು."

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಒಂದು ಮಾತೂ ಆಡಲಿಲ್ಲ. ಹೆಂಗಸು ಸುಮ್ಮನಾದಳೆಂದರೆ ಜಗಳ ಮುಗಿಯಿತೆಂದು ತಿಳಿಯುವ ಗಂಡಸರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆಲ್ಲ ಒಂದು ಸಂಘವಿದ್ದರೆ ಮೇಷ್ಟ್ರು ಅದರ ಅಧ್ಯಕ್ಷರಾಗುತ್ತಿದ್ದರು.

ಮೇಲಿನ ಮನೆಯಲ್ಲಿ ವಿಜ್ಞಾನದ ಮೇಷ್ಟ್ರು ಇದ್ದರು. ಇವರ ಊರಿನ ಕಡೆಯವರೇ. ಒಂದು ಕಿವಿಯಲ್ಲಿ ಬಿದ್ದದ್ದನ್ನು ಹತ್ತು ಊರಿಗೆ ಬಿತ್ತರಿಸುವ ಗುಣದಿಂದ ಅವರಿಗೆ ರೇಡಿಯೋ ಎಂದೇ ಹೆಸರು. ಅವರು ಎದುರಿಗೆ ಬಂದು ಕೂತು, "ಛೆ ಛೆ, ಮೊನ್ನೆ ಮೊನ್ನೆ ವಿಡಿಯೋದಲ್ಲಿ ನನಗೆ ನಮಸ್ಕಾರ ಹೇಳಿದ್ರಲ್ರೀ!" ಎಂದು ಗೋಳಾಡಿದರು. ರೇಡಿಯೋಗೆ ನಿಜ ಹೇಳಿದರೆ ಸಂಜೆಯೊಳಗೆ ಶಾಲೆಗೆಲ್ಲ ತಿಳಿಯುತ್ತದೆ. ಮೇಷ್ಟ್ರು ತಲೆತಗ್ಗಿಸಿ, "ಹಣೆಬರಹ," ಎಂದರು. ರೇಡಿಯೋ ಕಣ್ಣೊರೆಸಿಕೊಂಡು ಮೇಲೆ ಹೋಗಿ, ಮೊದಲು ತಮ್ಮ ತಾಯಿಗೆ ಫೋನು ಮಾಡಿದರು.

ಸಂಜೆ ಗುಮಾಸ್ತರು ಬಂದರು. ಅವರು ನಿಯಮವನ್ನು ಉಸಿರಾಡುವ ಮನುಷ್ಯ.

"ಟಿಕೆಟ್ ಬೇಡ ಸಾರ್," ಎಂದು ಮೇಷ್ಟ್ರು ಅಂಗಲಾಚಿದರು. "ಇವಳಿಗೆ ಪ್ರಯಾಣ ಆಗಲ್ಲ."

"ಬೇಕೋ ಬೇಡವೋ ಅಂತ ನಿಯಮದಲ್ಲಿ ಕೇಳೋದಿಲ್ಲ. ಸತ್ತಿರೋದು ತಂದೆ, ಹೋಗೋದು ಮಗಳು. ಹೆಸರು ಹೇಳಮ್ಮ."

ಹೆಂಡತಿ ಒಳಗಿನಿಂದ ಬಂದು ಹೆಸರು ಹೇಳಿದಳು. ಗುಮಾಸ್ತರು ಬರೆದುಕೊಂಡರು. "ನಾಳೆ ಶಾಲೆಯ ಹಾಲಿನಲ್ಲಿ ಶೋಕಸಭೆ. ಒಂದು ಫೋಟೋ ಬೇಕು."

"ಫೋಟೋನೇ ಇಲ್ಲ ಅವರದ್ದು! ಅವರಿಗೆ ಫೋಟೋ ಅಂದ್ರೆ ಆಗ್ತಾನೇ ಇರ್ಲಿಲ್ಲ!" ಎಂದರು ಮೇಷ್ಟ್ರು.

"ನನ್ನ ಹತ್ರ ಇದೆಯಲ್ಲ! ಮೊನ್ನೆ ವಿಡಿಯೋದಲ್ಲಿ ಹಿಡ್ಕೊಂಡಿದ್ದೆ!" ಎಂದು ಮೆಟ್ಟಿಲ ಮೇಲಿಂದ ರೇಡಿಯೋ ಕೂಗಿದರು.

ಮರುದಿನ ಶಾಲೆಯ ಹಾಲಿನ ವೇದಿಕೆಯ ಮೇಲೆ ಮಾವನವರು ಆಳೆತ್ತರಕ್ಕೆ ನಿಂತಿದ್ದರು. ಚೌಕುಳಿ ಅಂಗಿ, ಕೈಯಲ್ಲಿ ಗಾಳಿ ಹೊಡೆಯುವ ಪಂಪು, ಬಾಯಿತುಂಬಾ ನಗು. ಸುತ್ತ ಹೂವು. ಮುಂದೆ ಇಡೀ ಶಾಲೆ. ಹಿಂದಿನ ದಿನ ಚಳಿಯಲ್ಲಿ ನಿಂತು ಕೆಮ್ಮು ಹತ್ತಿಸಿಕೊಂಡಿದ್ದ ಮಕ್ಕಳು ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮುತ್ತಿದ್ದವು, ನೋಡಿದವರಿಗೆ ಅಳುತ್ತಿವೆ ಎಂದೇ ಕಾಣುತ್ತಿತ್ತು. ಹೆಡ್‌ಮಿಸ್ಟ್ರೆಸ್ಸು ಮಾತನಾಡಿದರು. ಮಗಳಿಗಾಗಿ ಚೈನಿಗೂ ಬಣ್ಣ ಹೊಡೆದ ತಂದೆಯ ಕಥೆ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಡುಗೆಯವಳು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಮೇಷ್ಟ್ರಿಗೂ ಮೊದಲ ಸಲ ಮಾವನ ಬಗ್ಗೆ ಒಂದು ಗೌರವ ಹುಟ್ಟಿತು. ಇಷ್ಟು ಒಳ್ಳೆಯ ಮನುಷ್ಯ ಎಂದು ಮೊದಲೇ ಗೊತ್ತಿದ್ದರೆ ಬೇರೆ ಯಾರನ್ನಾದರೂ ಸಾಯಿಸಬಹುದಿತ್ತು.

ಎಲ್ಲರೂ ಎದ್ದು ಮೌನವಾಗಿ ನಿಂತರು. ಆ ಮೌನದಲ್ಲಿ ಹೆಂಡತಿಯ ಫೋನು ಹೊಡೆದುಕೊಂಡಿತು.

"ತಗೋಬೇಡ," ಎಂದು ಮೇಷ್ಟ್ರು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅವಳು ತೆಗೆದಳು. ವಿಡಿಯೋ ಕರೆ. ಪರದೆಯ ಮೇಲೆ ಅದೇ ಮುಖ, ಅದೇ ಚೌಕುಳಿ ಅಂಗಿ.

"ಪುಟ್ಟೀ! ಏನಮ್ಮಾ ಇದು ಅವಾಂತರ? ನಾನು ಸತ್ತಿದ್ದೀನಂತೆ! ನಿಮ್ಮ ರೇಡಿಯೋ ಮೇಷ್ಟ್ರ ತಾಯಿ ಊರಿಗೆಲ್ಲ ಹೇಳಿದ್ದಾರೆ. ಬೆಳಿಗ್ಗೆಯಿಂದ ಜನವೋ ಜನ. ನಾನೇ ಎಲ್ರಿಗೂ ಕುರ್ಚಿ ಹಾಕಿ ಕೂರ್ಸಿದ್ದೀನಿ, ಟೀ ಕೊಟ್ಟಿದ್ದೀನಿ. ಒಬ್ಬ ನನ್ನ ಕೈಯಲ್ಲೇ ಟೀ ಇಸ್ಕೊಂಡು, ಪಾಪ ಒಳ್ಳೇ ಮನುಷ್ಯ ಅಂತ ಅಳ್ತಾ ಇದ್ದಾನೆ. ಯಾರು ಅಂತ ತಿಳ್ಕೊಂಡಿದ್ದಾನೋ ನನ್ನ!"

"ಮಾತಾಡ್ತಿದ್ದಾರೆ! ಮಾತಾಡ್ತಿದ್ದಾರೆ!" ಎಂದು ರೇಡಿಯೋ ಕಿರುಚಿದರು. ಇಡೀ ಶಾಲೆ ಪರದೆಯನ್ನು ನೋಡಿತು, ವೇದಿಕೆಯ ಫೋಟೋ ನೋಡಿತು, ಮತ್ತೆ ಪರದೆಯನ್ನು ನೋಡಿತು.

"ಇವರು... ತೀರಿಕೊಂಡವರ ತಮ್ಮನಾ?" ಎಂದರು ಹೆಡ್‌ಮಿಸ್ಟ್ರೆಸ್ಸು.

"ಹೌದು ಮೇಡಂ!" ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ ಮೇಷ್ಟ್ರು ಹಾರಿ ಹಿಡಿದರು. "ಅವಳಿ! ಅವಳಿ ತಮ್ಮ! ಅಂಗೀನೂ ಒಂದೇ ಥರ ಹಾಕ್ತಾರೆ!"

"ಅಲ್ಲ," ಎಂದಳು ಹೆಂಡತಿ. "ಇವರೇ ನಮ್ಮಪ್ಪ. ಸತ್ತಿಲ್ಲ. ನಿನ್ನೆ ನಮ್ಮ ಮನೆಯವರು ಹಾಸಿಗೆಯಿಂದ ಎದ್ದಿರ್ಲಿಲ್ಲ, ಅದಕ್ಕೆ."

ಹೆಡ್‌ಮಿಸ್ಟ್ರೆಸ್ಸು ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು. ಈಗ ಕಿರುಚುತ್ತಾರೆ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಅವರು ಕಿರುಚಲಿಲ್ಲ. ಕೈಚಾಚಿ ಫೋನು ಇಸಿದುಕೊಂಡು ಆ ಮುಖವನ್ನು ಬಹಳ ಹೊತ್ತು ನೋಡಿದರು. "ನಿಮ್ಮನ್ನ ನೋಡಿ ಸಂತೋಷವಾಯ್ತು ಅಂತ ಹೇಳಿ," ಎಂದರು.

"ಯಾರಮ್ಮಾ ಇವರು? ಯಾಕೆ ಅಳ್ತಿದ್ದಾರೆ? ಊಟ ಆಯ್ತಾ ಕೇಳು," ಎಂದರು ಮಾವನವರು.

ಆಮೇಲೆ ಹೆಡ್‌ಮಿಸ್ಟ್ರೆಸ್ಸು ಮೇಷ್ಟ್ರ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಗಣಿತ ವಿಭಾಗದ ಮಾತು ಇನ್ನು ನನ್ನ ಹತ್ರ ಎತ್ತಬೇಡಿ. ರಜೆ ಪೂರ್ತಿ ಹಾಸ್ಟೆಲ್ ಡ್ಯೂಟಿ ನೀವೇ ಮಾಡಿ. ನೀವು ಕೇಳ್ತಾ ಇದ್ದದ್ದೂ ಅದನ್ನೇ ಅಲ್ವಾ?"

"ಹಾಗಾದ್ರೆ ಟಿಕೆಟ್ ವಾಪಸ್ ಮಾಡಿಬಿಡ್ತೀನಿ ಮೇಡಂ," ಎಂದರು ಮೇಷ್ಟ್ರು, ಇದ್ದುದರಲ್ಲಿ ಒಂದು ಪ್ರಾಮಾಣಿಕತೆ ತೋರಿಸಲು.

ಗುಮಾಸ್ತರು ಕೆಮ್ಮಿದರು. "ಅದಾಗೋದಿಲ್ಲ. ರದ್ದು ಮಾಡೋಕೆ ಕಾರಣ ಬೇಕು. ಪ್ರಯಾಣಿಕರಿಗೆ ಕಾಯಿಲೆ, ಹವಾಮಾನ, ಎರಡೇ ಕಾರಣ ಇರೋದು. ಸತ್ತವರು ಎದ್ದು ಕೂತು ಟೀ ಕೊಟ್ರೆ ಏನು ಮಾಡ್ಬೇಕು ಅಂತ ಎಲ್ಲೂ ಬರೆದಿಲ್ಲ. ಅವರು ಹೋಗ್ಲೇಬೇಕು."

ಆ ಸಂಜೆಯೇ ವಿಮಾನ. ಹೆಂಡತಿ ಒಂದು ಚಿಕ್ಕ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮೇಷ್ಟ್ರು ಮಂಚದ ತುದಿಯಲ್ಲಿ ಕೂತು, ಅವಳು ಮಡಿಸಿ ಇಟ್ಟದ್ದನ್ನು ಸುಮ್ಮನೆ ಮತ್ತೆ ಮಡಿಸುತ್ತಿದ್ದರು. ಸಭೆಯಲ್ಲಿ ಆದ ಅವಮಾನಕ್ಕೆ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಆದರೂ ಅವರ ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನವಿತ್ತು. ಹೇಗೋ ಇವಳ ಆಸೆ ತೀರಿತಲ್ಲ, ಇನ್ನು ಮೂರು ವರ್ಷ ಕಾಟವಿಲ್ಲ.

"ಶಾಲೆ ಶುರುವಾಗೋ ಹೊತ್ತಿಗೆ ಬಂದ್ಬಿಡು. ಹೀಟರ್ ಕೆಳಗಿನ ಗುಂಡಿ ಎಡಕ್ಕೋ ಬಲಕ್ಕೋ?"

"ಬಲಕ್ಕೆ."

"ನನ್ನ ಕಾಲುಚೀಲ?"

"ಕಿಟಕಿ ಹತ್ರ ಒಣಗಿದೆ."

"ಮಾವನಿಗೆ ನನ್ನ ನಮಸ್ಕಾರ ಹೇಳು. ಬೇಜಾರು ಮಾಡ್ಕೋಬೇಡಿ ಅಂತ ಹೇಳು. ತಮಾಷೆಗೆ ಅಂದದ್ದು ಅನ್ನು."

ಅವಳು ಚೀಲದ ಜಿಪ್ಪು ಎಳೆದಳು. "ಆ ಜವಾನ ಟೋಪಿ ತೆಗೆದು ನಿಂತಾಗ ನಾನು ಬಾಗಿಲಲ್ಲಿ ಕೂತ್ಬಿಟ್ಟೆ ರೀ. ಅಲ್ಲಿ ಫೋನ್ ಹೊಡ್ಕೊಳ್ತಾ ಇತ್ತು, ಎತ್ತೋರಿಲ್ಲ. ಅಷ್ಟು ಹೊತ್ತೂ ನಮ್ಮಪ್ಪ ಸತ್ತೇ ಇದ್ದ. ನೀವು ಒಳಗೆ ರಗ್ಗು ಹೊದ್ದು ಮಲಗಿದ್ರಿ. ನಾನು ಕೂಗಿದ್ದು ಕೇಳಿಸ್ತು ನಿಮಗೆ. ಕೇಳಿಸ್ತಲ್ವಾ?"

ಮೇಷ್ಟ್ರು ಕಿಟಕಿ ಹತ್ತಿರದ ಕಾಲುಚೀಲ ತೆಗೆದು ಮಡಿಸತೊಡಗಿದರು. ಕೇಳಿಸಿತ್ತು. ಬೀಗದಕೈ ಯಾವ ಜೇಬಿನಲ್ಲಿದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡಿದ್ದರು.

"ತವರಿನ ಕಡೆ ಮನಸ್ಸೇ ಇಲ್ಲ ಅಂದ್ರಂತೆ," ಎಂದಳು.

"ಅದು ಕುರ್ಚಿಗೋಸ್ಕರ ಕಣೇ. ನಮ್ಮಿಬ್ಬರಿಗೋಸ್ಕರಾನೇ ಅಲ್ವಾ?" ಎಂದ ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು, "ನಿನ್ನೆ ಮೇಡಂ ಮುಂದೆ ಅತ್ತಿದ್ದು... ಅದು ಆಕ್ಟಿಂಗ್ ಅಲ್ವಾ?"

ಅವಳು ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಧೈರ್ಯ ಬರುತ್ತಿತ್ತು. ಹುಷಾರು ತಪ್ಪಿದ ಮಗುವನ್ನು ನೋಡುವ ಹಾಗೆ ನೋಡಿ, "ಚಳಿ ಇದೆ, ಕಿವಿಗೆ ಕಟ್ಕೊಳ್ಳಿ," ಎಂದು ಹೇಳಿ ಚೀಲ ಎತ್ತಿಕೊಂಡಳು. ಕೆಳಗೆ ಶಾಲೆಯ ಕಾರು ಹಾರ್ನ್ ಹೊಡೆಯಿತು. ಅವಳು ಬಾಗಿಲು ದಾಟಿ ಮೆಟ್ಟಿಲಿಳಿದಳು. ಬಾಗಿಲು ಮುಚ್ಚಲಿಲ್ಲ.

ಗೂಟದ ಮೇಲೆ ಅವಳ ದಪ್ಪ ಕೋಟು ನೇತಾಡುತ್ತಿತ್ತು.

"ಏ, ಕೋಟು! ಕೋಟು ಮರೆತೆ ಕಣೇ!" ಮೇಷ್ಟ್ರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊಸ್ತಿಲಿಗೆ ಓಡಿದರು. ಕಾಲಲ್ಲಿ ಚಪ್ಪಲಿಯಿಲ್ಲ, ಮೆಟ್ಟಿಲು ಮಂಜುಗಡ್ಡೆ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿದ್ದ ಬಿಳಿ ಹೂವನ್ನೆಲ್ಲ ಕೆದರಿತು.

"ಮೇಷ್ಟ್ರೇ, ಬಾಗಿಲು ಹಾಕ್ರೀ! ಚಳಿಯೆಲ್ಲ ನಮ್ಮನೆಗೆ ಬರ್ತಿದೆ!" ಎಂದು ಮೇಲಿನಿಂದ ರೇಡಿಯೋ ಕೂಗಿದರು.

"ಇರ್ರೀ. ಅವಳು ಕೋಟು ಮರೆತು ಹೋಗಿದ್ದಾಳೆ. ಈಗ ಬರ್ತಾಳೆ."

ರೇಡಿಯೋ ಮೆಟ್ಟಿಲ ಕಟಕಟೆಯಿಂದ ಬಗ್ಗಿ ನೋಡಿದರು. ಕೋಟನ್ನು ನೋಡಿದರು, ಮೇಷ್ಟ್ರ ಬರಿಗಾಲನ್ನು ನೋಡಿದರು. ಜನ್ಮದಲ್ಲಿ ಮೊದಲ ಸಲ ಅವರ ದನಿ ತಗ್ಗಿತು.

"ಮರೆತಿಲ್ಲ ಮೇಷ್ಟ್ರೇ. ನಮ್ಮೂರಲ್ಲಿ ಈ ಕೋಟು ಯಾತಕ್ಕೆ ಬೇಕು?"

"ವಾಪಸ್ ಬರುವಾಗ ಬೇಕಲ್ರೀ, ಇಲ್ಲಿ ಇಳಿದ ಕೂಡ್ಲೇ," ಎಂದರು ಮೇಷ್ಟ್ರು.

ರೇಡಿಯೋ ಒಳಗೆ ಹೋದರು. ಮೇಷ್ಟ್ರು ಕೋಟು ಹಿಡಿದುಕೊಂಡು ತೆರೆದ ಬಾಗಿಲಲ್ಲೇ ನಿಂತರು. ಕಾರು ತಿರುವಿನಲ್ಲಿ ಮರೆಯಾಯಿತು. ಅವಳು ಆ ಸಂಜೆ ಬರಲಿಲ್ಲ, ಶಾಲೆ ಶುರುವಾದಾಗ ಬರಲಿಲ್ಲ, ಹಿಮ ಕರಗಿ ಕೋಟು ಯಾರಿಗೂ ಬೇಡವಾದಾಗಲೂ ಬರಲಿಲ್ಲ.